ತಟ್ಟಿದರೆ ಕದಲುವ ಮುಳ್ಳು

ನಾನೊಂದು ಎತ್ತರಮಾಪಕ. ವಿಮಾನ ಓಡಿಸುವವರ ಕಣ್ಣೆದುರು ಗಾಜಿನ ಹಿಂದೆ ಕೂತು, ನೀವು ಇಷ್ಟು ಅಡಿ ಮೇಲಿದ್ದೀರಿ ಎಂದು ಹೇಳುವುದು ನನ್ನ ಕೆಲಸ. ನೋಡಲು ಪುಟ್ಟ ಗೋಡೆ ಗಡಿಯಾರದಂತಿದ್ದೇನೆ. ನನ್ನ ಹೊಟ್ಟೆಯೊಳಗೆ ತೆಳು ತಗಡಿನ ಒಂದು ಡಬ್ಬಿಯಿದೆ. ಕಾರ್ಖಾನೆಯಲ್ಲಿ ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡಿದ್ದ ಒಬ್ಬ ಹೆಂಗಸು ಅದರೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು, ಬಾಯಿಗೆ ಬೆಸುಗೆ ಹಾಕಿದಳು. ನಿಮಗೆ ಉಸಿರು ಬಂದಾಗ ಜೀವ ಬರುತ್ತದೆ. ನನಗೆ ಉಸಿರು ತೆಗೆದಾಗ ಬಂತು. ಹೊರಗಿನ ಗಾಳಿ ತೆಳುವಾದರೆ ಡಬ್ಬಿ ಉಬ್ಬುತ್ತದೆ, ಹಲ್ಲುಚಕ್ರಗಳು ತಿರುಗುತ್ತವೆ, ಮುಳ್ಳು ಏರುತ್ತದೆ. ಗಾಳಿ ದಟ್ಟವಾದರೆ ಇಳಿಯುತ್ತದೆ. ಇಷ್ಟೇ ನನ್ನ ಬುದ್ಧಿ. ಕಿಟಕಿಯಾಚೆ ಇರುವುದು ಬೆಟ್ಟವೋ ಬಯಲೋ ನನಗೆ ಗೊತ್ತಾಗುವುದಿಲ್ಲ.

ಐದು ಜನ ಸತ್ತರು. ಕೊಂದದ್ದು ನಾನೋ, ಕ್ಯಾಪ್ಟನ್ ಹೊನ್ನಾಪುರಮಠರೋ ಎಂಬುದು ವ್ಯಾಜ್ಯ. ಆ ಐವರಲ್ಲಿ ಅವರೂ ಒಬ್ಬರು, ಸತ್ತವರಿಗೆ ಬಾಯಿಲ್ಲ. ನನಗೂ ಇಲ್ಲ. ಇದುವರೆಗೆ ಎಲ್ಲರೂ ನಂಬಿದ್ದು ವಿಮಾನ ಕಂಪನಿಯವರ ಮಾತನ್ನು.

ಮೊದಲು ನಾನು ಒಂದು ತರಬೇತಿ ಶಾಲೆಯ ವಿಮಾನದಲ್ಲಿದ್ದೆ. ಆ ಶಾಲೆ ಮುಚ್ಚಿತು. ಊರಿಂದೂರಿಗೆ ಹತ್ತೊಂಬತ್ತು ಸೀಟಿನ ವಿಮಾನ ಓಡಿಸುವ ಒಂದು ಕಂಪನಿ ನನ್ನನ್ನು ಕೊಂಡು, ಎಡಗಡೆಯ ಕುರ್ಚಿಯ ಮುಂದೆ, ಅಂದರೆ ಕ್ಯಾಪ್ಟನ್ನರ ಮುಂದೆ ಕೂರಿಸಿತು. ಅಷ್ಟರಲ್ಲಿ ನನ್ನ ಒಂದು ಹಲ್ಲುಚಕ್ರದ ಅಚ್ಚಿನ ಎಣ್ಣೆ ಒಣಗಿ ಅಂಟಾಗಿತ್ತು. ವಿಮಾನ ಇಳಿಯುವಾಗ ಮುಳ್ಳು ಒಂದೊಂದು ಸಲ ಸಿಕ್ಕಿಕೊಂಡು ನಿಲ್ಲುತ್ತಿತ್ತು. ಆಗ ಕ್ಯಾಪ್ಟನ್ ಬೆರಳ ಗೆಣ್ಣಿನಿಂದ ಗಾಜಿಗೆ ಎರಡು ಸಲ ತಟ್ಟುತ್ತಿದ್ದರು.

"ಏಳಪ್ಪಾ ಸಾಹುಕಾರ, ಹೊತ್ತಾತು."

ನಾನು ಬೆಚ್ಚಿಬಿದ್ದು ಸರಿಯಾದ ಅಂಕಿಗೆ ಇಳಿಯುತ್ತಿದ್ದೆ. ಬಲಗಡೆ ಕೂತ ಸಹಚಾಲಕಿ ರೆಮೋನಾ ಸಲ್ಡಾನ ನಗುತ್ತಿದ್ದಳು. "ನಿಮ್ಮದು ಪೆಟ್ಟು ತಿಂದ್ರೆ ಮಾತ್ರ ಕೆಲಸ ಮಾಡೋದು ಮಾರಾಯ್ರೆ."

ನೆಲಕ್ಕಿಳಿದ ಮೇಲೆ ಕ್ಯಾಪ್ಟನ್ ಎಂಜಿನಿಯರ್ ಬಾಲರಾಜನಿಗೆ ಹೇಳುತ್ತಿದ್ದರು. ಬಾಯಲ್ಲಿ ಮಾತ್ರ. ಆ ಕಂಪನಿಯಲ್ಲಿ ಅದೇ ರೂಢಿ. ದೋಷವನ್ನು ವಿಮಾನದ ಪುಸ್ತಕದಲ್ಲಿ ಬರೆದರೆ, ಅದು ಸರಿಯಾಗುವವರೆಗೆ ವಿಮಾನ ಹಾರುವಂತಿಲ್ಲ.

"ಬರೀತೀರಾ ಸರ್?" ಬಾಲರಾಜ ತಲೆ ಕೆರೆದುಕೊಳ್ಳುತ್ತಿದ್ದ. "ಸ್ಟೋರಲ್ಲಿ ಬೇರೆ ಪೀಸಿಲ್ಲ. ಬರೆದ್ರೆ ಇವತ್ತು ಇಲ್ಲೇ ಠಿಕಾಣಿ."

"ಬರಿಯೂದಿಲ್ಲೋ. ಹ್ವಾದ ವರ್ಷ ಬ್ರೇಕಿಂದು ಬರದು ಹದಿನಾರು ದಿನಾ ಮನಿಯಾಗ ಕುಂತೇನಿ, ಸಾಕು. ನಿನ್ನ ಕಿವಿಗೆ ಹಾಕೇನಿ ನೋಡು."

ಆ ಹದಿನಾರು ದಿನದ ಕತೆ ಎಲ್ಲರಿಗೂ ಗೊತ್ತಿತ್ತು. "ನಿಮ್ಮ ಪೆನ್ನಿಗೆ ನಾಲಿಗೆ ಉದ್ದ ಕ್ಯಾಪ್ಟನ್" ಎಂದು ಮ್ಯಾನೇಜರ್ ಅವರನ್ನು ಹಾರಾಟದ ಪಟ್ಟಿಯಿಂದ ಕಿತ್ತುಹಾಕಿದ್ದ. ಬೇರೆ ಪೈಲಟ್‌ಗಳು ಅದನ್ನು ನೋಡಿ ಪಾಠ ಕಲಿತರು. ಬರೆಯದೇ ಇದ್ದದ್ದು ಕ್ಯಾಪ್ಟನ್ನರ ತಪ್ಪು. ನಾನು ಅದನ್ನು ಮುಚ್ಚಿಡುವುದಿಲ್ಲ. ಆದರೆ ಬರೆದ ಕೈಗೆ ಬರೆ ಹಾಕಿದವರ ಹೆಸರನ್ನು ಯಾವ ವರದಿ ಬರೆಯಿತು?

ಆ ದಿನ ಬೆಳಿಗ್ಗೆ ಹತ್ತೂವರೆ. ಕಿಟಕಿಗೆ ಮೋಡ ಅಂಟಿತ್ತು. ನಾವು ಇಳಿಯುತ್ತಿದ್ದೆವು. ಮೂರು ಸಾವಿರದ ಒಂಬೈನೂರು ಅಡಿಯಲ್ಲಿ ನನ್ನ ಮುಳ್ಳು ನಿಂತಿತು. ಡಬ್ಬಿ ಕುಗ್ಗುತ್ತಿರುವುದು ನನಗೆ ತಿಳಿಯುತ್ತಿತ್ತು. ಗಾಳಿ ದಟ್ಟವಾಗುತ್ತಿತ್ತು. ಹೊಟ್ಟೆಯೊಳಗೆಲ್ಲ ನಿಜ, ಮುಖದ ಮೇಲೆ ಸುಳ್ಳು. ಕನಸಿನಲ್ಲಿ ಕಿರುಚಲು ಹೋಗಿ ದನಿಯೇ ಹೊರಡದವರ ಹಾಗೆ ಕೂತಿದ್ದೆ.

"ಸರ್, ನನ್ನದರಲ್ಲಿ ಮೂರು ಸಾವಿರದ ನಾನ್ನೂರು ಉಂಟು" ಎಂದಳು ರೆಮೋನಾ. "ನಿಮ್ಮದು ನಿಂತಿದೆ."

ಕ್ಯಾಪ್ಟನ್ ತಟ್ಟಿದರು. ನಾನು ಕದಲಲಿಲ್ಲ. ಮತ್ತೆ ತಟ್ಟಿದರು, ಜೋರಾಗಿ.

"ಏಳೋ," ಎಂದರು. ಆ ದನಿಯಲ್ಲಿ ತಮಾಷೆ ಇರಲಿಲ್ಲ.

ಆಮೇಲೆ "ಮ್ಯಾಲಕ್ಕ! ಮ್ಯಾಲಕ್ಕ ಎಳಿ!" ಎನ್ನುತ್ತಾ ಇಬ್ಬರೂ ಸೇರಿ ವಿಮಾನದ ಮೂತಿ ಎತ್ತಿದರು. ಬಾಲ ಬೆಟ್ಟದ ನೆತ್ತಿಗೆ ಬಡಿಯಿತು. ಮೂತಿ ಎತ್ತಿದ್ದರಿಂದಲೇ ಹದಿನಾಲ್ಕು ಜನ ಬದುಕಿದರು. ನನಗೆ ಗೊತ್ತಾದದ್ದು ಒಂದೇ: ಆ ಹೊಡೆತಕ್ಕೆ ನನ್ನ ಮುಳ್ಳು ಬಿಡಿಸಿಕೊಂಡು ನೇರವಾಗಿ ಬೆಟ್ಟದ ಎತ್ತರಕ್ಕೆ ಬಂದು ನಿಂತಿತು. ಕ್ಯಾಪ್ಟನ್ನರ ಕಣ್ಣು ತೆರೆದೇ ಇತ್ತು. ಅವರಿಗೆ ನಾನು ಸರಿಯಾದ ಎತ್ತರ ತೋರಿಸುತ್ತಲೇ ಇದ್ದೆ.

ತನಿಖೆಯವರು ನನ್ನನ್ನು ಪರೀಕ್ಷೆಯ ಮೇಜಿನ ಮೇಲಿಟ್ಟರು. ಕೊಳವೆ ಜೋಡಿಸಿ ಗಾಳಿ ಹೀರಿ, ಬಿಟ್ಟು, ಒಂದೊಂದು ಅಂಕಿಯನ್ನೂ ಓದಿದರು. ಓದುವ ಮುನ್ನ ಪರೀಕ್ಷಕ ಪ್ರತಿ ಸಲವೂ ಗಾಜಿಗೆ ತಟ್ಟುತ್ತಿದ್ದ. ಮೂವತ್ತು ವರ್ಷದ ಕೈಚಾಳಿ ಅದು.

"ತಟ್ಟದೆ ಓದಿ ಸರ್" ಎಂದಳು ರೆಮೋನಾ. ಕುತ್ತಿಗೆಗೆ ಪಟ್ಟಿ ಹಾಕಿಕೊಂಡೇ ಬಂದಿದ್ದಳು. "ಆಕಾಶದಲ್ಲಿ ಯಾರೂ ತಟ್ಟಿ ಕೊಡೋದಿಲ್ಲ."

"ಆಯ್ತಮ್ಮ, ಹಂಗೇ ಓದೋಣ" ಎಂದ ಆತ. ಹಾಗೇ ಓದಿದ. ಸಿಕ್ಕು ಆಗಲೇ ಬಿಟ್ಟಿತ್ತಲ್ಲ! ಮುಳ್ಳು ನೀರಿನಲ್ಲಿ ಮೀನು ಜಾರಿದಂತೆ ಜಾರಿತು. ಸಿಕ್ಕಿಕೋ ಎಂದು ನನಗೆ ನಾನೇ ಹೇಳಿಕೊಂಡೆ. ಆಗಲಿಲ್ಲ. ರೆಮೋನಾ ಎದ್ದು ಹೊರಗೆ ಹೋದಳು.

ವರದಿ ಬಂತು. ಉಪಕರಣ ಸುಸ್ಥಿತಿಯಲ್ಲಿದೆ. ಪುಸ್ತಕದಲ್ಲಿ ಯಾವ ದೋಷವೂ ದಾಖಲಾಗಿಲ್ಲ. ಸಹಚಾಲಕಿಯ ಮಾತಿಗೆ ಪುರಾವೆಯಿಲ್ಲ. ಬಾಲರಾಜ ತನಗೆ ಯಾರೂ ಏನೂ ಹೇಳಿಲ್ಲ ಎಂದ. ಅವನಿಗೂ ಮನೆಯಲ್ಲಿ ಉಣ್ಣುವ ಬಾಯಿಗಳಿದ್ದವು. ಅಪಘಾತಕ್ಕೆ ಕಾರಣ ಪೈಲಟ್‌ನ ನಿರ್ಲಕ್ಷ್ಯ. ಸತ್ತ ನಾಲ್ವರು ಪ್ರಯಾಣಿಕರ ಮನೆಯವರು ಕ್ಯಾಪ್ಟನ್ನರ ಮನೆ ಬಾಗಿಲಿಗೆ ಬಂದು ಅವರ ಹೆಂಡತಿಯ ಎದುರಿಗೆ ಮಣ್ಣು ತೂರಿದರಂತೆ. ಬಂದವರ ತಪ್ಪಲ್ಲ, ಅವರ ಕೈಗೆ ಕಂಪನಿ ಒಂದೇ ಒಂದು ಹೆಸರು ಕೊಟ್ಟಿತ್ತು.

ಕ್ಯಾಪ್ಟನ್ನರ ಹೆಂಡತಿ ಮತ್ತು ರೆಮೋನಾ ಮೇಲ್ಮನವಿ ಹಾಕಿದರು. ತೀರ್ಪಿನವರೆಗೆ ನನ್ನನ್ನು ಜೋಪಾನವಾಗಿಡಬೇಕೆಂದು ಆದೇಶವಾಯಿತು. ಹೀಗೆ ನಾನು ವಿಮಾನ ನಿಲ್ದಾಣದ ಅಂಚಿನಲ್ಲಿದ್ದ ಕಂಪನಿಯ ಸ್ಟೋರಿನ ಕಪಾಟು ಸೇರಿದೆ. ಪಕ್ಕದಲ್ಲಿ ಎರಡು ಹೊಸ ಎತ್ತರಮಾಪಕಗಳು. ಐದು ಹೆಣ ಬಿದ್ದ ಮೇಲೆ ಕಂಪನಿ ತರಿಸಿದವು.

ಸ್ಟೋರು ನೋಡಿಕೊಳ್ಳುವವರು ಪುಟ್ಟಮಾದಯ್ಯ. ಕಪಾಟಿನಲ್ಲಿ ಕೂತಲ್ಲೇ ನಮ್ಮ ಮುಳ್ಳುಗಳು ಅಲುಗುವುದನ್ನು ಕಂಡು ಅವರು ಮೊದಮೊದಲು ಬೆವರಿದ್ದರು. "ಸತ್ತೋರು ಹಾರಿಸ್ತಾವ್ರೆ ಕಣಪ್ಪ!" ಆಮೇಲೆ ರೆಮೋನಾ ತಿಳಿಸಿ ಹೇಳಿದಳು: ಮಳೆಗಾಳಿ ಕವಿದರೆ ಗಾಳಿಯ ಭಾರ ಇಳಿಯುತ್ತದೆ, ಅದನ್ನೇ ನಾವು ಏರು ಎಂದು ತಿಳಿಯುತ್ತೇವೆ. ಅಂದಿನಿಂದ ಅವರು ನಮ್ಮ ಮೂವರ ಮುಖ ನೋಡಿಯೇ ಒಗೆದ ಬಟ್ಟೆ ಒಳಗೆ ತರುತ್ತಿದ್ದರು.

ಇವತ್ತು ಮಧ್ಯಾಹ್ನ ಕಡಲ ಕಡೆಯಿಂದ ದೊಡ್ಡ ಗಾಳಿ ಎದ್ದಿತು. ಹೊಸಬರಿಬ್ಬರೂ ಇನ್ನೂರು ಅಡಿ ಏರಿದರು. ಪುಟ್ಟಮಾದಯ್ಯ ಬಂದು ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು.

"ಇದ್ಯಾಕೆ ಹಿಂಗ್ ಕುಂತದೆ?"

ನಾನು ನಿಂತಿದ್ದೆ. ಮೂರು ವರ್ಷದ ಮೇಲೆ ಅದೇ ಅಚ್ಚು, ಅದೇ ಸಿಕ್ಕು.

ಅವರ ಬೆರಳು ಗಾಜಿನವರೆಗೂ ಬಂತು. ತಟ್ಟಬೇಡಿ ಎಂದು ರೆಮೋನಾ ಹೇಳಿದ್ದು ನೆನಪಾಗಿರಬೇಕು, ಬಂದದ್ದು ಹಾಗೇ ಹಿಂದೆ ಹೋಯಿತು. ಮೂವರನ್ನೂ ಸೇರಿಸಿ ಮೊಬೈಲಿನಲ್ಲಿ ಫೋಟೊ ತೆಗೆದು, ಫೋನ್ ಮಾಡಿದರು. "ಮೇಡಮ್ಮೋರೇ, ನಿಮ್ಮದು ಸಿಗಾಕ್ಕೊಂಡದೆ! ಆ ಕೋರ್ಟ್ನೋರ್ನೂ ಕರ್ಕೊಂಡ್ ಬನ್ನಿ ಬೇಗ. ನನ್ನ ಕೆಲ್ಸ? ಹೋದ್ರೆ ಹೋಗ್ಲಿ ಬುಡಿ, ಇನ್ನು ಎಂಟು ತಿಂಗ್ಳು ಐತೆ ರಿಟೇರಿಗೆ." ಆಮೇಲೆ ಸ್ಟೋರಿನ ಪುಸ್ತಕ ತೆರೆದು ದಿನಾಂಕ, ಗಂಟೆ ಹಾಕಿ ಬರೆದರು: ಮುಳ್ಳು ನಿಂತಿದೆ. ಯಾರೂ ಮುಟ್ಟಕೂಡದು. ಕೆಳಗೆ ಸಹಿ. ನನ್ನ ದೋಷದ ಬಗ್ಗೆ ಮನುಷ್ಯರು ಬರೆದ ಮೊದಲ ಸಾಲು ಅದು.

ಬರಲು ಮೂರು ಗಂಟೆಯ ದಾರಿಯಂತೆ. ಪುಟ್ಟಮಾದಯ್ಯ ಬಾಗಿಲಿಗೆ ಸ್ಟೂಲು ಹಾಕಿಕೊಂಡು ಕೂತಿದ್ದಾರೆ. ಗಾಳಿಗೆ ತಗಡಿನ ಮಾಡು ಬಡಿಯುತ್ತಿದೆ. ಆಚೆ ವಿಮಾನವೊಂದು ಎಂಜಿನ್ ಚಾಲೂ ಮಾಡಿದೆ; ಕಪಾಟು ಸಣ್ಣಗೆ ನಡುಗುತ್ತಿದೆ. ಆ ನಡುಕ ನನ್ನ ಅಚ್ಚಿನವರೆಗೂ ಬರುತ್ತಿದೆ.

ಹುಟ್ಟಿದಾಗಿನಿಂದ ಕದಲುವುದೇ ನನ್ನ ಧರ್ಮವಾಗಿತ್ತು. ಈಗ ಮೈಯೆಲ್ಲ ಬಿಗಿಹಿಡಿದು, ಸುಳ್ಳು ಅಂಕಿಯನ್ನೇ ಕಚ್ಚಿಕೊಂಡು ಕೂತಿದ್ದೇನೆ.