ಕ್ಯಾನ್ಬೆರಾದ ಪಾಠ

"ದೇ ಬಿಲ್ಡ್... ಅಲ್ಲ, ದೇ ಬಿಲ್ಟ್ ಎ ಲೇಕ್," ಎನ್ನುತ್ತ ರಾಧಿಕಾ ಲಾಳಿ ಎಸೆದಳು. ಕಾಲು ಮಗ್ಗದ ಕುಣಿಯಲ್ಲಿ, ಕಣ್ಣು ಎದುರಿಗೆ ಸಿಕ್ಕಿಸಿದ ಪುಸ್ತಕದ ಆಸ್ಟ್ರೇಲಿಯಾ ಪಾಠದಲ್ಲಿ. ಗುಳೇದಗುಡ್ಡದ ಮಧ್ಯಾಹ್ನ ಜೋಂಪು ಹಿಡಿಸುವಂತಿತ್ತು. ಬಿ.ಎ.ಯ ಎಲ್ಲ ವಿಷಯ ದಾಟಿದ ಹುಡುಗಿ ಇಂಗ್ಲಿಷ್ ಒಂದರಲ್ಲೇ ಮುಗ್ಗರಿಸಿದ್ದಳು. ನಾಳೆ ಬಾದಾಮಿಯಲ್ಲಿ ಮರುಪರೀಕ್ಷೆ, ಅದೇ ಕೊನೆಯ ಅವಕಾಶ. ಅತ್ತೆ ಇಂದ್ರವ್ವ ಹೋಗು ಎಂದಿದ್ದಳು, ಆದರೆ ಕರಾರಿನ ಮೇಲೆ: ತನ್ನ ಬಸುರಿ ಮಗಳು ವಿದ್ಯಾಳ ಸೀಮಂತದ ಕುಬಸಕ್ಕೆ ಒಯ್ಯುವ ರವಿಕೆ ಖಣ ಇವತ್ತು ದೀಪ ಹಚ್ಚುವುದರೊಳಗೆ ಮುಗಿಯಬೇಕು. ಕುಬಸದ ಖಣವನ್ನು ಇಂದ್ರವ್ವನ ಮನೆಯವರು ಎಂದೂ ಅಂಗಡಿಯಿಂದ ತಂದವರಲ್ಲ.

ಕಂಬಕ್ಕೊರಗಿ ಮೆಂತ್ಯೆ ಸೊಪ್ಪು ಸೋಸುತ್ತಿದ್ದ ಇಂದ್ರವ್ವ ಕೇಳಿದಳು, "ಆಸ್ಟ್ರೇಲಿಯಾದಾಗ ರಾಜ ಅದಾನೇನು?"

"ಅದಾನ್ರಿ ಅತ್ತಿ. ಆದ್ರ ಬ್ಯಾರೆ ದೇಶದಾಗ ಇರ್ತಾನ."

"ಮತ್ತ ರಾಜ್ಯ ಯಾರು ನಡಸ್ತಾರ?"

"ಆರಿಸಿ ಬಂದವರು. ಎರಡು ದೊಡ್ಡ ಊರು ರಾಜಧಾನಿ ನಮಗಿರ್ಲಿ ಅಂತ ಜಗಳಾಡಿದ್ವಂತ. ಅದಕ್ಕ ನಡುವ ಹೊಸಾ ಊರು ಕಟ್ಟಿ, ಕೆರಿನೂ ಕಟ್ಟಿದ್ರು."

"ಚಲೋ ಮಾಡಿದ್ರು. ನಾನೂ ನಮ್ಮ ನೆಗೆಣ್ಣಿನೂ ಒಲಿ ಸಲವಾಗಿ ಜಗಳಾಡಿದಾಗ ಯಾರೂ ಹಂಗ ಮಾಡ್ಲಿಲ್ಲ."

ರಾಧಿಕಾ ನಕ್ಕಳು. ವಾಸ್, ವರ್, ವೆಂಟ್. ಲಾಳಿ ಅತ್ತಿತ್ತ ಓಡುತ್ತಿದ್ದಂತೆ ಅವಳು ಆ ಕೆರೆಯ ದಂಡೆಯಲ್ಲಿ ನಡೆಯತೊಡಗಿದಳು. ಅಲ್ಲಿ ಅವಳನ್ನು ಕೂಗಿ ಕರೆಯುವವರು ಯಾರೂ ಇರಲಿಲ್ಲ. ಎಷ್ಟು ಸುಖವಾಗಿತ್ತು! ಕುಣಿಯೊಳಗೆ ಕಾಲು ತನ್ನ ಪಾಡಿಗೆ ಹಲಗೆ ತುಳಿಯುತ್ತಿತ್ತು.

ಅತ್ತೆಯ ಬೆರಳು ಬಟ್ಟೆಯ ಮೇಲೆ ಬಿದ್ದಾಗಲೇ ಅವಳಿಗೆ ಎಚ್ಚರ. ಗೇಣುದ್ದ ಹಿಂದೆಯೇ ತುಳಿತ ತಪ್ಪಿತ್ತು. ಅಲ್ಲಿಂದೀಚೆಗೆ ನೇಯ್ದ ಒಂದು ಹೂವೂ ಹೂವಿನಂತಿರಲಿಲ್ಲ.

"ಕುಬಸದ ಖಣದಾಗ ಹೂ ಮುರಿಬಾರ್ದು," ಎಂದಳು ಇಂದ್ರವ್ವ.

ಎಳೆ ಎಳೆಯಾಗಿ ಬಿಚ್ಚಬೇಕು, ಮತ್ತೆ ನೇಯಬೇಕು. ನಾಳೆ ಮಧ್ಯಾಹ್ನದವರೆಗೂ ಮುಗಿಯದ ಕೆಲಸ. ಪರೀಕ್ಷೆ ನೀರುಪಾಲಾಯಿತು ಎಂದುಕೊಂಡ ರಾಧಿಕಾಳಿಗೆ ಅಳು ಒತ್ತಿಬಂತು. ಪುಸ್ತಕ ಮುಚ್ಚಿದಳು.

"ಅದನ್ಯಾಕ ಮುಚ್ಚಿದಿ? ಏಳು ಮ್ಯಾಲೆ."

ಮೊಣಕಾಲು ನೋವೆಂದು ವರ್ಷಗಳಿಂದ ಮಗ್ಗದ ಹತ್ತಿರ ಸುಳಿಯದ ಇಂದ್ರವ್ವ, ಗೋಡೆ ಹಿಡಿದು ಕೂತು, ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಕುಣಿಗೆ ಇಳಿಬಿಟ್ಟಳು.

"ಅತ್ತಿ, ನಿಮ್ಮ ಕಾಲು..."

"ನನ್ನ ಮಗಳ ಖಣ ನಾ ನೇಯ್ತೇನಿ. ನೀ ನಾಳೆ ಬಸ್ಸು ತಪ್ಪಿಸ್ಕೋಬ್ಯಾಡ." ಇಂದ್ರವ್ವ ಮೊದಲ ಎಳೆ ಹಿಡಿದು ಎಳೆದಳು. "ಜೋರಾಗಿ ಓದು. ಇಲ್ಲಂದ್ರ ನಂಗ ನಿದ್ದಿ ಬರ್ತೈತಿ."

ರಾಧಿಕಾ ಕಂಬದ ಬುಡದಲ್ಲಿ ಕೂತು, ಮೂಗು ಒರೆಸಿಕೊಂಡು ಓದತೊಡಗಿದಳು. ಇಂದ್ರವ್ವನ ಮಡಿಲಲ್ಲಿ ಬಿಚ್ಚಿದ ಕೆಂಪು ನೂಲು ಮೆಲ್ಲಗೆ ಗುಡ್ಡೆಯಾಗುತ್ತಿತ್ತು.