ಆಲೂಗಡ್ಡೆ ಎಲ್ಲಿ ಬಿತ್ತು

ಅಕ್ಕ ಗಂಡನನ್ನು ಬಿಟ್ಟಾಗ ಎಲ್ಲರೂ ಅವಳಿಗೆ ಸಮಾಧಾನ ಹೇಳಿದರು, ಕೆಲವರು ಭಾವನಿಗೂ ಹೇಳಿದರು. ನನ್ನನ್ನು ಯಾರೂ ವಿಚಾರಿಸಲಿಲ್ಲ. ವಿಚಾರಿಸುವುದಕ್ಕೆ ನನಗೇನಾಗಿತ್ತು? ಭಾನುವಾರಗಳು ಹೋಗಿದ್ದವು, ಅಷ್ಟೇ.

ಭಾವ ಕಟ್ಟುಹಲ್ಲು ತಯಾರಿಸುವವರು. ಡಾಕ್ಟರಲ್ಲ, ಡಾಕ್ಟರು ಕಳಿಸಿದ ಅಚ್ಚು ನೋಡಿ ಹಲ್ಲಿನ ಸೆಟ್ಟು ಮಾಡಿಕೊಡುವವರು. ದಿನವಿಡೀ ಮಾತಾಡದ ಬಾಯಿಗಳ ಜೊತೆ ಇದ್ದು ಇದ್ದು ಅವರ ಬಾಯಿಗೂ ಅದೇ ಚಾಳಿ ಅಂಟಿತ್ತು. ಮನೆಯೊಳಗೆ ‘ಹೂಂ’, ‘ಊಹೂಂ’ ಬಿಟ್ಟು ಮೂರನೆಯ ಮಾತು ಕೇಳಬೇಕಾದರೆ ಪುಣ್ಯ ಮಾಡಿರಬೇಕಿತ್ತು. “ಗೋಡೇನ ಕಟ್ಕೊಂಡಿದ್ರೂ ಮೊಳೆ ಹೊಡೆದಾಗ ಸದ್ದು ಮಾಡ್ತಿತ್ತು” ಎಂದು ಅಕ್ಕ ಹೇಳುತ್ತಿದ್ದಳು. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಅವಳು ಹಿತ್ತಲಿಗೆ ಬಂದವಳಲ್ಲ.

ಹಿತ್ತಲಲ್ಲಿ ಭಾವನ ಆಲೂಗಡ್ಡೆ ಫಿರಂಗಿ ಇತ್ತು. ನೀರಿನ ಪ್ಲಾಸ್ಟಿಕ್ ಪೈಪುಗಳಿಂದ ಅವರೇ ಮಾಡಿದ್ದು. ಗಾಳಿ ತುಂಬುವುದಕ್ಕೆ ಒಂದು ದಪ್ಪ ಪೈಪು, ಅದಕ್ಕೆ ಜೋಡಿಸಿದ ಉದ್ದನೆಯ ಸಣ್ಣ ಪೈಪೇ ನಳಿಗೆ. ನಳಿಗೆಯ ಬಾಯನ್ನು ಕಟ್ಟುಹಲ್ಲು ಉಜ್ಜುವ ಅರದಲ್ಲೇ ಉಜ್ಜಿ ಎಷ್ಟು ಹರಿತ ಮಾಡಿದ್ದರೆಂದರೆ, ಆಲೂಗಡ್ಡೆಯನ್ನು ಮೇಲಿಟ್ಟು ಒತ್ತಿದರೆ ಸುತ್ತಲಿನದು ಕತ್ತರಿಸಿ ಬಿದ್ದು ನಡುವಿನ ತುಂಡು ಬಿರಡೆಯ ಹಾಗೆ ಒಳಗೆ ಕೂರುತ್ತಿತ್ತು. ಅದನ್ನು ಪೊರಕೆ ಕೋಲಿನಿಂದ ಕೆಳಕ್ಕೆ ತಳ್ಳಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು ವಾಲ್ವ್ ತಿರುಗಿಸಿದರೆ ಧಡ್! ಆಲೂಗಡ್ಡೆ ಗೋಡೆ ದಾಟಿ ಹಿಂದಿನ ಖಾಲಿ ಮೈದಾನಕ್ಕೆ ಹಾರುತ್ತಿತ್ತು. ಅಲ್ಲಿ ಗುರಿಗೆಂದು ಒಂದು ಹಳೆಯ ಟೈರು ಇಟ್ಟಿದ್ದೆವು.

ಗೋಡೆ ಎತ್ತರದ್ದು. ಹೊಡೆದವರಿಗೆ ಅದು ಎಲ್ಲಿ ಬಿತ್ತೆಂದು ಕಾಣುತ್ತಿರಲಿಲ್ಲ. ಪ್ರತಿ ಭಾನುವಾರ ಮೈದಾನದ ಆ ತುದಿಯಲ್ಲಿ ಇಟ್ಟಿಗೆ ರಾಶಿಯ ಹಿಂದೆ ಅಡಗಿ ಕೂತು, ನೋಡಿ, ಕೂಗಿ ಹೇಳುವುದು ನನ್ನ ಕೆಲಸ.

“ಎಲ್ಲೋ?”

“ಎಡಕ್ಕೆ ಭಾವ! ಟೈರು ಬಿಟ್ಟು ಬಹಳ ಎಡಕ್ಕೆ!”

“ಈಗ?”

“ನನ್ನ ತಲೆ ಮೇಲೇ ಹೋಯ್ತು! ಅಕ್ಕನ ಮೇಲಿನ ಸಿಟ್ಟು ನನ್ಮೇಲ್ಯಾಕೆ?”

ಗೋಡೆಯಾಚೆ ಅವರು ಗಹಗಹಿಸಿ ನಗುವುದು ಕೇಳಿಸುತ್ತಿತ್ತು.

ನನಗಿರುವುದು ಒಂದು ಬಾಡಿಗೆ ಕೋಣೆ. ಹಾಸಿಗೆ ಅಂಗಡಿಯ ವ್ಯಾನು ಓಡಿಸುತ್ತೇನೆ. ಪ್ರಯಾಣಿಕರೆಲ್ಲ ಮಲಗಿಯೇ ಬರುವವರು. ವಾರವಿಡೀ ನನ್ನನ್ನು ಯಾರಾದರೂ ಕೂಗಿ ಏನಾದರೂ ಕೇಳುತ್ತಿದ್ದದ್ದು ಆ ಮೈದಾನದಲ್ಲಿ ಮಾತ್ರ.

ಅಕ್ಕ ಹೊರಟುಬಂದ ಮೇಲೆ ನಾನು ಆ ಕಡೆ ತಲೆ ಹಾಕಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ಅವಳಿಗೆ ಅವರು ಇನ್ನು ಗಂಡನಲ್ಲ, ಸರಿ. ನನಗೆ ಏನಾಗಬೇಕು? ಯಾರಾದರೂ ಕೇಳಿದರೆ ಹೇಳುವುದಕ್ಕೆ ಒಂದು ಸಂಬಂಧವೂ ಉಳಿದಿರಲಿಲ್ಲ. ತಿಂಗಳುಗಳು ಹೀಗೇ ಕಳೆದವು. ಕೊನೆಗೆ ಅಕ್ಕನೇ, “ನನ್ನ ಹೊಲಿಗೆ ಮೆಷಿನ್ನು ಅಲ್ಲೇ ಇದೆ, ನಿನ್ನ ವ್ಯಾನಲ್ಲಿ ಹಾಕ್ಕೊಂಡು ಬಾ. ಹರಟೆ ಹೊಡೀತಾ ಕೂತ್ಕೋಬೇಡ” ಎಂದಳು.

“ಯಾರ ಜೊತೆ? ಅವರ ಜೊತೆ ಹರಟೆನಾ?” ಅಂದೆ. ಅವಳಿಗೂ ನಗು ತಡೆಯಲಾಗಲಿಲ್ಲ.

ನನಗೆ ಹೋದ ಜೀವ ಬಂದಂತಾಯಿತು. ಬೇಕೆಂದೇ ಭಾನುವಾರ ಹೊರಟೆ. “ಇನ್ಮೇಲೂ ಭಾನುವಾರ ಬರ್ಲಾ ಭಾವ?” ಎಂಬ ಒಂದೇ ಮಾತನ್ನು ದಾರಿಯುದ್ದಕ್ಕೂ ಸ್ಟೀರಿಂಗಿಗೆ ಹೇಳಿ ಹೇಳಿ ಬಾಯಿಪಾಠ ಮಾಡಿಕೊಂಡೆ. ಅವರು ‘ಹೂಂ’ ಎಂದರೆ ಸಾಕಿತ್ತು.

ಮನೆ ಮುಂದೆ ವ್ಯಾನು ನಿಲ್ಲಿಸುವಾಗಲೇ ಹಿತ್ತಲಿಂದ ಧಡ್ ಎಂದಿತು. ಹಿಂದೆಯೇ ಮೈದಾನದ ಕಡೆಯಿಂದ ಢಣ್ ಎಂಬ ಹೊಸ ಸದ್ದು. ಪಕ್ಕದ ಓಣಿಯಲ್ಲಿ ಹೋಗಿ ನೋಡಿದೆ. ನಾನು ಕೂರುತ್ತಿದ್ದ ಇಟ್ಟಿಗೆ ರಾಶಿಯ ಮುಂದೆ ಎರಡು ಗೂಟ ನೆಟ್ಟು, ನಡುವೆ ಒಂದು ತಗಡು ತೂಗುಹಾಕಿದ್ದರು. ಆಲೂಗಡ್ಡೆ ಬಡಿದರೆ ತಗಡು ಸದ್ದು ಮಾಡುತ್ತದೆ, ಹೊಡೆದವರಿಗೆ ಗೋಡೆಯೊಳಗೇ ತಿಳಿಯುತ್ತದೆ.

ನನ್ನ ಹೊಟ್ಟೆ ಉರಿದುಹೋಯಿತು. ಆ ಜಾಗದಲ್ಲಿ ಇನ್ನೊಬ್ಬ ಮನುಷ್ಯ ಕೂತಿದ್ದರೆ ಜಗಳವಾದರೂ ಆಡಬಹುದಿತ್ತು. ಇಷ್ಟು ವರ್ಷ ನಾನು ಮಾಡಿದ್ದು ತಗಡಿನ ಕೆಲಸ ಎಂದಾಯಿತಲ್ಲ.

ಭಾವ ಬಾಗಿಲು ತೆರೆದು “ಬಾ” ಎಂದರು. ಸ್ವಲ್ಪ ಇಳಿದುಹೋಗಿದ್ದರು. ಮೆಷಿನ್ನಿಗೆ ಎಣ್ಣೆ ಬಿಟ್ಟು, ಹೊಸ ಬೆಲ್ಟು ಹಾಕಿಟ್ಟಿದ್ದರು. ಅದನ್ನು ಅವರು ಹೇಳಲಿಲ್ಲ, ನಾನೇ ನೋಡಿದೆ. ಇಬ್ಬರೂ ಸೇರಿ ವ್ಯಾನಿಗೆ ಏರಿಸಿದೆವು.

“ತಗಡು ಹಾಕಿದೀರಲ್ಲ” ಅಂದೆ. ನಾಲಿಗೆ ತುದಿಯಲ್ಲಿದ್ದ ಮಾತು ಅದಲ್ಲ.

“ಹೂಂ.”

“ಒಳ್ಳೇದಾಯ್ತು ಬಿಡಿ. ಯಾರನ್ನೂ ಕಾಯೋ ಹಂಗಿಲ್ಲ.”

ಭಾವ ಮೆಷಿನ್ನಿಗೆ ಕಟ್ಟಿದ ಹಗ್ಗವನ್ನು ಎಳೆದು ನೋಡಿದರು. ಬಿಗಿಯಾಗಿಯೇ ಇತ್ತು, ಆದರೂ ಮತ್ತೆ ಎಳೆದರು.

“ಬಡಿದ್ರೆ ಸದ್ದು ಮಾಡತ್ತೆ” ಎಂದರು. “ತಪ್ಪಿದ್ರೆ ಏನೂ ಹೇಳಲ್ಲ. ಎಡಕ್ಕೆ ಹೋಯ್ತೋ ಬಲಕ್ಕೆ ಹೋಯ್ತೋ, ಏನೂ ಗೊತ್ತಾಗಲ್ಲ.”

ಮನೆ ಮುಂದೆ ನಿಂತು ಅವರು ಅಷ್ಟು ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ. ಅವರು ಕೇಳುತ್ತಿದ್ದದ್ದು ಏನೆಂದು ನನಗೆ ಅರ್ಥವಾಯಿತು. ಅಷ್ಟು ದಡ್ಡ ನಾನಲ್ಲ. ಆದರೆ ಹೊಟ್ಟೆಯ ಉರಿ ಇನ್ನೂ ಆರಿರಲಿಲ್ಲ.

“ಇನ್ನೂ ದೊಡ್ಡ ತಗಡು ಹಾಕ್ಸಿ” ಅಂದುಬಿಟ್ಟೆ.

ಅವರು ನಕ್ಕಂತೆ ಮಾಡಿದರು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ, ಒಳಗೆ ಹೋಗಿ ಕದ ಹಾಕಿಕೊಂಡರು.

ನಾನು ವ್ಯಾನಿನಲ್ಲಿ ಕೂತೆ. ಕೀಲಿ ಕೈಯಲ್ಲೇ ಇತ್ತು. ಇಳಿದುಹೋಗಿ ಕದ ತಟ್ಟು ಎಂದು ಮನಸ್ಸು ಹೇಳುತ್ತಿತ್ತು. ಅಷ್ಟರಲ್ಲಿ ಹಿತ್ತಲಲ್ಲಿ ಧಡ್ ಎಂದಿತು. ಕಿವಿಗೊಟ್ಟು ಕಾದೆ. ತಗಡು ಸದ್ದು ಮಾಡಲಿಲ್ಲ. ಅವರೂ ಗೋಡೆಯೊಳಗೆ ಕಾಯುತ್ತಿರಬೇಕು, ಬಹಳ ಹೊತ್ತಿನವರೆಗೆ ಇನ್ನೊಂದು ಹೊಡೆಯಲಿಲ್ಲ.

“ನಂಗೆ ಕಾಣ್ಲಿಲ್ಲ ಭಾವ” ಎಂದು ಗಟ್ಟಿಯಾಗಿಯೇ ಹೇಳಿದೆ. ವ್ಯಾನಿನ ಗಾಜು ಏರಿಸಿತ್ತು.