ಟಪಾಲು ಗುಮಾಸ್ತರ ಸಹಿ

“ಸ್ವಲ್ಪ ಓರೆ ಮಾಡಿ, ಗೋಡೆಗೆ ತಾಗತ್ತೆ,” ಎಂದರು ಪಕ್ಕದ ಮನೆಯ ದರ್ಜಿ. ಬದುಕಿದ್ದಷ್ಟು ದಿನ ಯಾರ ದಾರಿಗೂ ಅಡ್ಡ ಬಾರದ ಗುಮಾಸ್ತರು ಸತ್ತ ಮೇಲೆ ತಮ್ಮದೇ ಮನೆಯ ಬಾಗಿಲಿಗೆ ಅಡ್ಡವಾಗಿದ್ದರು. ನಾಲ್ವರು ಹೆಣಗಾಡಿ ಜಗಲಿಗೆ ತಂದು ಇಳಿಸಿದರು. ಮದುವೆಯಾಗಿ ಬೇರೆ ಊರಲ್ಲಿದ್ದ ಮಗಳು ತಲೆಯ ಹತ್ತಿರ ಕೂತಳು. ವಾಹನ ಇನ್ನೂ ಬಂದಿರಲಿಲ್ಲ.

ವಿಮಾ ಕಂಪನಿಯಲ್ಲಿ ಅವರದು ಇಪ್ಪತ್ತೆಂಟು ವರ್ಷ ಒಂದೇ ಕೆಲಸ. ಬಂದ ಕಾಗದಕ್ಕೆ ತಾರೀಖಿನ ಮೊಹರು ಒತ್ತಿ, ಸಹಿ ಹಾಕಿ ಒಳಗೆ ಕಳಿಸುವುದು.

ಗೇಟಿನ ಬಳಿ ನಿಂತಿದ್ದವನ ಅಂಗಿಯ ಬಲತೋಳು ಖಾಲಿಯಾಗಿ ಜೋತಾಡುತ್ತಿತ್ತು. ಮರದ ಮಿಲ್ಲಿನ ಗರಗಸಕ್ಕೆ ಸಿಕ್ಕಿ ಕೈ ಹೋಗಿತ್ತು.

“ಅಮ್ಮಾ, ನನ್ನ ಪರಿಹಾರದ ಅರ್ಜಿನ ಆ ಆಫೀಸಲ್ಲಿ ಯಾರೂ ಮುಟ್ಲಿಲ್ಲ. ನಿಮ್ಮ ಯಜಮಾನ್ರೇ ಕೂರಿಸಿ, ನೀರು ಕೊಟ್ಟು, ರಸೀದಿ ಬರೆದುಕೊಟ್ರು. ನಾಳೆ ಕೋರ್ಟಲ್ಲಿ ಅದನ್ನೇ ಹೇಳೋರಿದ್ರು.”

ಗುಮಾಸ್ತರ ಹೆಂಡತಿಗೆ ಅವನ ಮುಖ ನೋಡಲು ನಾಚಿಕೆಯಾಯಿತು.

*

ಹೋದ ಭಾನುವಾರ ಗುಮಾಸ್ತರು ಕನ್ನಡಿಯ ಮುಂದೆ ಗಡ್ಡ ಬೋಳಿಸಿಕೊಳ್ಳುತ್ತ, “ಈ ಸಹಿ ನನ್ನದಲ್ಲ,” ಎಂದು ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದರು.

“ಏನ್ರೀ ಅದು?”

“ಅರ್ಜಿ ಬಂದು ತಿಂಗಳೊಳಗೆ ಪರಿಹಾರ ಕೊಡದಿದ್ರೆ ಕಂಪನಿಗೆ ದಂಡ ಬೀಳತ್ತೆ ಕಣೇ. ಆ ಕೈ ಹೋದವನ ಅರ್ಜಿ ಬಂದು ಎರಡು ವರ್ಷ ಆಯ್ತು. ಬಂದೇ ಇರಲಿಲ್ಲ ಅಂತಾದ್ರೆ ದಂಡ ಇಲ್ಲ.”

“ಬಂದಿತ್ತಾ?”

“ನಾನೇ ತಗೊಂಡಿದ್ದು. ನಿವೃತ್ತಿಗೆ ಎಂಟು ತಿಂಗಳಿದೆ. ರಸೀದಿ ಸಹಿ ನಂದಲ್ಲ ಅಂತ ಕೋರ್ಟಲ್ಲಿ ಹೇಳು ಅಂದ್ರು ಮ್ಯಾನೇಜರ್, ಹೂಂ ಅಂದ್ಬಿಟ್ಟೆ.”

“ಅಂದಮೇಲೆ ಮುಗೀತು. ಇಲ್ಲದ ಉಸಾಬರಿ ನಮಗ್ಯಾಕೆ?” ಎಂದು ಆಕೆ ಒಳಗೆ ಹೋಗಿದ್ದಳು.

ಆಮೇಲೆ ಮೂರು ದಿನ ಅವರು ಊಟದ ತಟ್ಟೆ ಹಾಗೇ ಬಿಟ್ಟು ಏಳುತ್ತಿದ್ದರು. ನಾಲ್ಕನೆಯ ದಿನ ಬೆಳಿಗ್ಗೆ ಏಳಲೇ ಇಲ್ಲ.

*

ಮ್ಯಾನೇಜರು ಹಾರ ಇಟ್ಟು, ಆಕೆಯನ್ನು ಒಳಕೋಣೆಗೆ ಕರೆದರು.

“ಪಿಂಚಣಿ ಕಾಗದ ನಾನೇ ಮುಂದೆ ನಿಂತು ಮಾಡಿಸ್ತೀನಮ್ಮ. ಆ ರಸೀದಿ ಮೇಲಿರೋ ಸಹಿ ಅವರದಲ್ಲ ಅಂತ ನೀವೊಂದು ಬರ್ಕೊಟ್ರೆ ಸಾಕು. ಅವರೂ ಒಪ್ಪಿದ್ರು.”

“ಒಪ್ಪಿದ್ರು. ನಾನೂ ಹೂಂ ಅಂದಿದ್ದೆ,” ಎಂದಳು ಆಕೆ.

ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆದರು. ಆಕೆ ಬೀರು ತೆಗೆದು, ಮಗಳ ಶಾಲೆಯ ಹತ್ತು ವರ್ಷದ ಪ್ರೋಗ್ರೆಸ್ ಕಾರ್ಡುಗಳ ಕಟ್ಟು ಎತ್ತಿಕೊಂಡು, ಅವರನ್ನು ದಾಟಿ ಹೊರಗೆ ಗೇಟಿನ ಬಳಿ ನಿಂತಿದ್ದವನ ಹತ್ತಿರ ಬಂದಳು. ಪಿಂಚಣಿಯ ಭಯ ಇದ್ದೇ ಇತ್ತು.

“ತಗೋಪ್ಪಾ. ಎಲ್ಲದರಲ್ಲೂ ಅವರದೇ ಸಹಿ ಇದೆ. ರಸೀದಿ ಜೊತೆ ಇಟ್ಟು ನೋಡ್ಲಿ. ನಾಳೆ ನಾನೂ ಬಂದು ಹೇಳ್ತೀನಿ.”

ಒಂದೇ ಕೈಯಲ್ಲಿ ಗಂಟು ಬಿಚ್ಚಲಾಗದೆ ಅವನು ಒದ್ದಾಡಿದ. ಮಗಳು ಎದ್ದು ಬಂದು ಬಿಚ್ಚಿದಳು. ಒಂದೊಂದೇ ಕಾರ್ಡು ತಿರುವಿ ನೋಡಿ, ನಡುವಿನದೊಂದನ್ನು ಎಳೆದು ಇಟ್ಟುಕೊಂಡಳು.

“ಏಳನೇ ಕ್ಲಾಸಿಂದು ಬೇಡಮ್ಮ. ಗಣಿತದಲ್ಲಿ ಫೇಲಾಗಿದ್ದೆ. ಅಪ್ಪನ ಸಹಿ ನಾನೇ ಹಾಕಿದ್ದು.”

ಬೀದಿಯ ತಿರುವಿನಲ್ಲಿ ವಾಹನದ ಸದ್ದಾಯಿತು. ಮಗಳು ಜಗಲಿಗೆ ಹೋಗಿ, ಆ ಕಾರ್ಡನ್ನು ಬಿಡಿಸಿ, ಅಪ್ಪನ ಮುಖದ ಮುಂದೆ ಎರಡೂ ಕೈಯಲ್ಲಿ ಹಿಡಿದು ಬಾಗಿ ನಿಂತಳು.